ಮೂರು ಸಾವಿರದ ಬಾಗಿಲು ಹಿಡಿದವರಾರು?

ಮುಂಬಯಿಯ ಚಾಳುಗಳಲ್ಲಿ ಬಾಳಿದವರಿಗೆ ಖೋಲಿಯ ಸಂಖ್ಯೆಯ ಮಹತ್ವವನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ಚಾಳಿನ ಹೆಸರು ಒಂದೇ; ಒಳಗಿನ ಖೋಲಿಗಳು ಅನೇಕ. ಊರಿನಿಂದ ಬಂದ ಕಾಗದದ ಮೇಲೆ ಖೋಲಿಯ ಸಂಖ್ಯೆ ಇಲ್ಲದಿದ್ದರೆ ಅಂಚೆಯವನು ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಬೇಕಾಗುವುದು. ಸಂಖ್ಯೆ ಇದ್ದರೂ ಸಾಲದು. ಆ ಖೋಲಿಯಲ್ಲಿ ಈಗ ವಾಸವಾಗಿರುವವರು ಯಾರೆಂಬುದನ್ನು ನೆರೆಯವರಲ್ಲಿ ವಿಚಾರಿಸಿಕೊಂಡು ಬಾಗಿಲು ತಟ್ಟುವುದೇ ವಿವೇಕ.

ಕಂಪ್ಯೂಟರಿನೊಳಗೂ ಇಂಥದೇ ಒಂದು ಚಾಳು ಇದೆ. ಅಲ್ಲಿಯ ಖೋಲಿಗಳಿಗೆ ಪೋರ್ಟುಗಳೆಂದು ಹೆಸರು. ಒಳಗೆ ಯಾರಿದ್ದಾರೆಂದು ಕೇಳದೆ ಒಂದು ಖೋಲಿಯನ್ನು ತೆರವು ಮಾಡಿಸಿ ನನ್ನ ಸೋದರಳಿಯನು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನ ಅನುಮತಿಯನ್ನು ಪಡೆದೇ ಬರೆಯುತ್ತಿದ್ದೇನೆ. ನಮ್ಮ ತರುಣರಲ್ಲಿ ಅನೇಕರು ಹಗಲೆಲ್ಲ ಹೋಟೆಲಿನ ಗಲ್ಲೆಯ ಮೇಲೋ ಕಚೇರಿಯ ಮೇಜಿನ ಮುಂದೋ ದುಡಿದು, ಸಂಜೆಯ ತರಗತಿಗಳಲ್ಲಿ ಪ್ರೋಗ್ರಾಮು ಬರೆಯುವ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಹಿಂದಿನ ತಲೆಮಾರಿನವರು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದಂತೆಯೇ ಇದು. ಅಂಥವರಲ್ಲಿ ಒಬ್ಬನಿಗಾದರೂ ಈ ಬರಹದಿಂದ ಒಂದು ರಾತ್ರಿಯ ನಿದ್ದೆ ಉಳಿದರೆ ನನ್ನ ಶ್ರಮ ಸಾರ್ಥಕ.

ಭಾನುವಾರದ ರಾತ್ರಿ

ನನ್ನ ಸೋದರಳಿಯನು ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವನು. ಡೊಂಬಿವಲಿಯಲ್ಲಿ ನಮ್ಮೊಡನೆ ವಾಸ. ಎರಡು ವರ್ಷಗಳಿಂದ ಸಂಜೆಯ ತರಗತಿಗೆ ಹೋಗುತ್ತಿದ್ದಾನೆ. ಹೋಟೆಲಿನ ಧಣಿಗಳು ಉದಾರಿಗಳು. ಆದರೆ ಲೆಕ್ಕದಲ್ಲಿ ಕಟ್ಟುನಿಟ್ಟು. ಸುತ್ತಲಿನ ಅಂಗಡಿ ಕಚೇರಿಗಳಿಗೆ ಚಹಾ ತಿಂಡಿಗಳು ಉದ್ರಿಯ ಮೇಲೆ ಹೋಗುತ್ತವೆ. 62 ಗಿರಾಕಿಗಳ ಉದ್ರಿ ಖಾತೆ ಕೆಂಪು ಬಟ್ಟೆಯ ಒಂದು ದೊಡ್ಡ ಪುಸ್ತಕದಲ್ಲಿದೆ. ಈ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸುವ ಒಂದು ಪುಟ್ಟ ಪ್ರೋಗ್ರಾಮನ್ನು ಹುಡುಗನು ತಾನೇ ಬರೆದನು. ಧಣಿಗಳು ಅದನ್ನು ನೋಡಿ, "ಸೋಮವಾರ ಪೂರ್ತಿ ಲೆಕ್ಕ ತೋರಿಸು. ಸರಿಯಾಗಿದ್ದರೆ ಗಲ್ಲೆಯಿಂದ ಎಬ್ಬಿಸಿ ನಿನ್ನನ್ನು ಲೆಕ್ಕದ ಮೇಜಿಗೆ ಕೂರಿಸುತ್ತೇನೆ" ಎಂದರಂತೆ.

ಭಾನುವಾರ ರಜೆ ಪಡೆದು, ಪುಸ್ತಕವನ್ನು ಮನೆಗೆ ತಂದು, ಬೆಳಗಿನಿಂದ ಸಂಜೆಯವರೆಗೆ ಮುನ್ನೂರಕ್ಕೂ ಹೆಚ್ಚು ನಮೂದುಗಳನ್ನು ಅವನು ಒಂದೊಂದಾಗಿ ಬೆರಳಚ್ಚು ಮಾಡಿದನು. ಊಟಕ್ಕೆ ಏಳುವಾಗ ಖಾತೆಯ ಪುಟವನ್ನು ಮುಚ್ಚಿದನು. ಆದರೆ ಹಿಂದೆ ನಿಂತು ಅದನ್ನು ನಡೆಸುತ್ತಿದ್ದ ಪ್ರೋಗ್ರಾಮು ಮತ್ತೊಂದು ಕಿಟಕಿಯಲ್ಲಿ ಓಡುತ್ತಲೇ ಇದ್ದಿತು. ಅದು ಅವನ ಲಕ್ಷ್ಯದಲ್ಲಿ ಉಳಿಯಲಿಲ್ಲ. ಊಟವಾದ ಮೇಲೆ ಮರುದಿನದ ತರಗತಿಯ ಅಭ್ಯಾಸವನ್ನು ಮುಗಿಸಿಬಿಡೋಣವೆಂದು ಅದರ ಪ್ರೋಗ್ರಾಮನ್ನು ಆರಂಭಿಸಿದನು. ಕೂಡಲೇ ಪರದೆಯ ಮೇಲೆ ಒಂದು ದೂರು ಮೂಡಿತು: ವಿಳಾಸವು ಆಗಲೇ ಬಳಕೆಯಲ್ಲಿದೆ, ಪೋರ್ಟು 3000.

"ಮಾವ, ನಿನ್ನೆಯ ಅಭ್ಯಾಸವನ್ನು ನಿಲ್ಲಿಸಲು ಮರೆತಿದ್ದೆ, ಅದೇ ಕೂತಿರಬೇಕು" ಎಂದು ನನಗೆ ಹೇಳಿದನು. ಗೆಳೆಯನೊಬ್ಬನು ಇಂಥ ಸಂಕಟಕ್ಕೆಂದು ಕಳುಹಿಸಿಕೊಟ್ಟಿದ್ದ ಒಂದು ಸಾಲಿನ ಆಜ್ಞೆ ಅವನ ಮೊಬೈಲಿನಲ್ಲಿದ್ದಿತು. 3000ದಲ್ಲಿ ಯಾರಿದ್ದರೂ ಸರಿ, ಅವರನ್ನು ಮರುಮಾತಿಲ್ಲದೆ ಮುಗಿಸಿಬಿಡುವ ಆಜ್ಞೆ ಅದು. ಹುಡುಗನು ಅದನ್ನು ನಕಲು ಮಾಡಿ ಒತ್ತಿದನು. ದೂರು ಮಾಯವಾಯಿತು. ಅಭ್ಯಾಸದ ಪ್ರೋಗ್ರಾಮು ನಗುನಗುತ್ತ ಎದ್ದಿತು.

ಅರ್ಧ ಗಂಟೆಯ ತರುವಾಯ ಮಲಗುವ ಮುನ್ನ ಖಾತೆಯನ್ನು ಇನ್ನೊಮ್ಮೆ ನೋಡೋಣವೆಂದು ಪುಟವನ್ನು ತೆರೆದನು. ಖಾತೆಯ ಬದಲು ಅಲ್ಲಿ ತರಗತಿಯ ಅಭ್ಯಾಸ ಕಾಣಿಸಿತು. ಹುಡುಗನ ಮುಖ ಬಿಳಿಚಿತು. ಮುಗಿಸಿದ್ದು ನಿನ್ನೆಯ ಅಭ್ಯಾಸವನ್ನಲ್ಲ; ಇಡೀ ದಿನದ ಉದ್ರಿ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡಿದ್ದ ಪ್ರೋಗ್ರಾಮನ್ನು. ನಿಲ್ಲುವಾಗ ಎಲ್ಲವನ್ನೂ ಕಡತಕ್ಕೆ ಬರೆದಿಟ್ಟು ನಿಲ್ಲಬೇಕೆಂದು ಅವನು ಅದಕ್ಕೆ ಕಲಿಸಿದ್ದನು. ಬರೆದಿಡಲು ಅದಕ್ಕೆ ಒಂದು ಕ್ಷಣವನ್ನೂ ಕೊಟ್ಟಿರಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರೆಂಬ ಗಾದೆ ನಮ್ಮ ಮನೆಯಲ್ಲಿ ಆ ರಾತ್ರಿ ನಿಜವಾಯಿತು.

ಬಾಗಿಲುಗಳ ಕಡತ

ಇಲ್ಲಿ ಕೊಂಚ ನಿಂತು, ಈ ಪೋರ್ಟುಗಳೆಂದರೇನೆಂದು ನೋಡೋಣ. ಬೇರೊಂದು ಪ್ರೋಗ್ರಾಮಿನಿಂದ ಬೇಡಿಕೆ ಬರುವುದನ್ನು ಕಾದು ಕುಳಿತು, ಬಂದೊಡನೆ ಬೇಕಾದುದನ್ನು ಒದಗಿಸುವ ಪ್ರೋಗ್ರಾಮಿಗೆ ಸರ್ವರ್ ಎಂದು ಹೆಸರು. ಹೋಟೆಲಿನ ಭಾಷೆಯಲ್ಲಿ ಸಪ್ಲಾಯರ್ ಎನ್ನೋಣ. ಒಂದೇ ಕಂಪ್ಯೂಟರಿನಲ್ಲಿ ಇಂಥವರು ಹತ್ತಾರು ಮಂದಿ ಇರುವುದರಿಂದ, ಬಂದ ಬೇಡಿಕೆ ಯಾರಿಗೆ ಸೇರಿದ್ದೆಂದು ತಿಳಿಯಲು ಪ್ರತಿಯೊಬ್ಬನೂ ಒಂದು ಸಂಖ್ಯೆಯ ಬಾಗಿಲಿನಲ್ಲಿ ನಿಲ್ಲಬೇಕು. ಒಂದು ವಿಳಾಸದ ಒಂದು ಬಾಗಿಲಿನಲ್ಲಿ ಸಾಮಾನ್ಯವಾಗಿ ಒಬ್ಬನಿಗೇ ಸ್ಥಳ. ಎರಡನೆಯವನು ಬಂದರೆ ಯಂತ್ರವು ಅವನನ್ನು ತಡೆಯುತ್ತದೆ. ನನ್ನ ಅಳಿಯನು ಕಂಡ ದೂರು ಅದೇ.

ಈ ಸಂಖ್ಯೆಗಳ ಹಿಂದೆ ಗುಮಾಸ್ತರು ಹೆಮ್ಮೆಪಡಬೇಕಾದ ಒಂದು ಕಥೆಯಿದೆ. ಇಂಟರ್‌ನೆಟ್ಟಿನ ಪೂರ್ವರೂಪವಾದ ಅಮೆರಿಕದ ಜಾಲವು ಇನ್ನೂ ಎಳೆಯದಾಗಿದ್ದ 1972ರಲ್ಲಿ, ಜಾನ್ ಪೋಸ್ಟೆಲ್ ಎಂಬ ತರುಣರು ಒಂದು ಟಿಪ್ಪಣಿಯನ್ನು ಬರೆದು, ಇಂಥ ಸಂಖ್ಯೆಗಳನ್ನು ಹಂಚಿಕೊಡುವ ಕೆಲಸವನ್ನು ಒಬ್ಬರೇ ನೋಡಿಕೊಳ್ಳುವುದು ಲೇಸೆಂದೂ ಆ ಹೊಣೆಯನ್ನು ತಾವೇ ಹೊರಬಹುದೆಂದೂ ಸೂಚಿಸಿದರು. ಯಾವ ಸಂಖ್ಯೆ ಯಾವ ಕೆಲಸಕ್ಕೆ ಎಂಬ ದಫ್ತರವನ್ನು ಸಹೋದ್ಯೋಗಿಗಳ ನೆರವಿನಿಂದ ಅವರು 1998ರಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡರು. ಜಗತ್ತನ್ನೇ ಆವರಿಸಿದ ಜಾಲದ ಅಸ್ತಿಭಾರದಲ್ಲಿ ಒಂದು ಅಚ್ಚುಕಟ್ಟಾದ ರಿಜಿಸ್ಟರು ಇದೆ ಎಂಬುದನ್ನು ನೆನೆದರೆ ನಮ್ಮ ಕಸುಬಿನ ಮೇಲೆ ಗೌರವ ಹೆಚ್ಚುತ್ತದೆ.

1981ರ ಸೆಪ್ಟೆಂಬರಿನಲ್ಲಿ ಹೊರಬಂದ ಟಿಸಿಪಿ ನಿಯಮಾವಳಿಯು ಬಾಗಿಲಿನ ಸಂಖ್ಯೆಗೆ 16 ಬಿಟ್‌ಗಳ ಸ್ಥಳವನ್ನು ಗೊತ್ತುಪಡಿಸಿದೆ. ಆದಕಾರಣ ಸಂಖ್ಯೆಗಳು 0ಯಿಂದ 65,535ರ ತನಕ ಮಾತ್ರ. ಇವುಗಳಲ್ಲಿ 1023ರವರೆಗಿನವು ಸುಪ್ರಸಿದ್ಧ ಸೇವೆಗಳಿಗೆ ಮೀಸಲು: ಅಂಚೆಗೆ 25, ಜಾಲಪುಟಗಳಿಗೆ 80, ಗೋಪ್ಯವಾಗಿ ಸಾಗುವ ಜಾಲಪುಟಗಳಿಗೆ 443. ಅದಕ್ಕೂ ಮೇಲಿನ ಸಂಖ್ಯೆಗಳಲ್ಲಿ ಮೈಎಸ್‌ಕ್ಯೂಎಲ್ ಎಂಬ ದತ್ತಾಂಶದ ಉಗ್ರಾಣವು 3306ರಲ್ಲಿಯೂ ಪೋಸ್ಟ್‌ಗ್ರೆಸ್ ಎಂಬುದು 5432ರಲ್ಲಿಯೂ ನಿಲ್ಲುವುದು ವಾಡಿಕೆ.

ಪ್ರೋಗ್ರಾಮು ಬರೆಯುವವರು ತಮ್ಮ ಯಂತ್ರದಲ್ಲಿಯೇ ಅದನ್ನು ನಡೆಸಿ ಪರೀಕ್ಷಿಸಲು ಬಳಸುವ ಸರ್ವರ್‌ಗಳಿಗೆ ಡೆವಲಪ್‌ಮೆಂಟ್ ಸರ್ವರ್ ಎನ್ನುತ್ತಾರೆ. ಇವುಗಳಿಗೂ ರೂಢಿಯ ಬಾಗಿಲುಗಳಿವೆ. ರೈಲ್ಸ್‌ನವರದು 3000, ನೋಡ್ ಕಲಿಸುವ ಪಾಠಗಳಲ್ಲಿಯೂ ಬಹುತೇಕ ಅದೇ. ಜಾಂಗೋ 8000ದಲ್ಲಿ, ಫ್ಲಾಸ್ಕ್ 5000ದಲ್ಲಿ, ಆಂಗ್ಯುಲರ್ 4200ರಲ್ಲಿ, ಜುಪಿಟರ್ 8888ರಲ್ಲಿ. ಎಲ್ಲರೂ ಅದೇ ಪಾಠವನ್ನು ನೋಡಿ ಕಲಿಯುವುದರಿಂದ ಒಬ್ಬನೇ ವಿದ್ಯಾರ್ಥಿಯ ಹತ್ತು ಪ್ರೋಗ್ರಾಮುಗಳೂ ಒಂದೇ ಬಾಗಿಲಿಗೆ ಬಂದು ನೂಕುನುಗ್ಗಲು ಮಾಡುತ್ತವೆ. ಅರುವತ್ತೈದು ಸಾವಿರ ಖೋಲಿಗಳು ಇದ್ದೂ ಜಗಳ ಒಂದೇ ಖೋಲಿಗೆ!

ಹೆಸರು ಕೇಳುವ ಕ್ರಮ

ಆ ರಾತ್ರಿ ನಮಗೆ ತಿಳಿಯದಿದ್ದ ಕ್ರಮವನ್ನು ಹುಡುಗನ ಗುರುಗಳು ಮುಂದಿನ ವಾರ ಕಲಿಸಿಕೊಟ್ಟರು. ಅದನ್ನು ನಾನು ಗುಮಾಸ್ತನ ರೀತಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮುದ್ರಣದ ಅನುಕೂಲಕ್ಕಾಗಿ ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ. ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ದೊಡ್ಡಕ್ಷರವೆಂದು ಹೇಳಿದ ಕಡೆಗಳನ್ನು ಬಿಟ್ಟು ಉಳಿದೆಲ್ಲವೂ ಸಣ್ಣಕ್ಷರ.

ಮ್ಯಾಕ್ ಯಂತ್ರದಲ್ಲಿ ಎಲ್‌ಎಸ್‌ಒಎಫ್ ಎಂಬ ಆಜ್ಞೆಯುಂಟು; ಲಿನಕ್ಸಿನಲ್ಲಿಯೂ ಅದನ್ನು ಪಡೆಯಬಹುದು. ತೆರೆದಿರುವ ಕಡತಗಳ ಪಟ್ಟಿಯೆಂದು ಆ ಹೆಸರಿನ ಅರ್ಥ. ಜಾಲದ ಬಾಗಿಲುಗಳನ್ನೂ ಅದು ಅದೇ ಪಟ್ಟಿಯಲ್ಲಿ ಎಣಿಸುತ್ತದೆ. ಎಲ್‌ಎಸ್‌ಒಎಫ್ ಎಂದು ಬರೆದು, ತೆರಪು ಬಿಟ್ಟು, ಅಡ್ಡಗೆರೆಯ ಮುಂದೆ ಎನ್ ಅಕ್ಷರವನ್ನೂ ದೊಡ್ಡ ಪಿ ಅಕ್ಷರವನ್ನೂ ಬರೆಯಬೇಕು. ಮತ್ತೆ ತೆರಪು ಬಿಟ್ಟು, ಅಡ್ಡಗೆರೆ, ಐ, ದೊಡ್ಡಕ್ಷರಗಳಲ್ಲಿ ಟಿಸಿಪಿ, ಮೇಲೊಂದು ಕೆಳಗೊಂದು ಇರುವ ಎರಡು ಚುಕ್ಕೆ, 3000, ಇವನ್ನು ಒಂದಕ್ಕೊಂದು ಅಂಟಿಸಿ ಬರೆಯಬೇಕು. ಕೊನೆಗೆ ಇನ್ನೊಂದು ತೆರಪು ಬಿಟ್ಟು, ಅಡ್ಡಗೆರೆ, ಎಸ್, ದೊಡ್ಡಕ್ಷರಗಳಲ್ಲಿ ಟಿಸಿಪಿ, ಎರಡು ಚುಕ್ಕೆ, ದೊಡ್ಡಕ್ಷರಗಳಲ್ಲಿ ಲಿಸನ್, ಇವನ್ನೂ ಹಾಗೆಯೇ ಅಂಟಿಸಬೇಕು.

ಇಷ್ಟುದ್ದದ ಆಜ್ಞೆ ಏತಕ್ಕೆಂದು ಕೇಳಬಹುದು. ಪ್ರತಿಯೊಂದು ಭಾಗಕ್ಕೂ ಕಾರಣವಿದೆ. ದೊಡ್ಡ ಪಿ ಇಲ್ಲದಿದ್ದರೆ ಯಂತ್ರವು ಸಂಖ್ಯೆಯ ಬದಲು ದಫ್ತರದಲ್ಲಿರುವ ಹೆಸರನ್ನು ತೋರಿಸುತ್ತದೆ. 3000ಕ್ಕೆ ಎಚ್‌ಬಿಸಿಐ ಎಂಬ ಹೆಸರು ಕಾಣಿಸಿಕೊಂಡು, ಇದಾವ ಪ್ರಾಣಿಯೆಂದು ಹೊಸಬನು ಬೆದರುತ್ತಾನೆ. ಲಿಸನ್ ಎಂಬ ಭಾಗ ಎಲ್ಲಕ್ಕಿಂತಲೂ ಮುಖ್ಯವಾದುದು. ಅದಿಲ್ಲದಿದ್ದರೆ ಬಾಗಿಲಿನಲ್ಲಿ ನಿಂತ ಸಪ್ಲಾಯರನೊಡನೆ, ಅವನಲ್ಲಿ ಚಹಾ ಕೇಳಲು ಬಂದ ಗಿರಾಕಿಗಳ ಹೆಸರುಗಳೂ ಪಟ್ಟಿಗೆ ಬರುತ್ತವೆ. ಆ ಪುಟವನ್ನು ನೋಡುತ್ತಿರುವ ಬ್ರೌಸರು ಅಂಥ ಗಿರಾಕಿ. ಅಳಿಯನ ಗೆಳೆಯನು ಕಳುಹಿಸಿದ ಆಜ್ಞೆಯಲ್ಲಿ ಈ ಭಾಗವೇ ಇರಲಿಲ್ಲ. ಅಂಥ ಆಜ್ಞೆಯು ಸರ್ವರನ್ನು ಮುಗಿಸುವುದರ ಜೊತೆಗೆ ಬ್ರೌಸರನ್ನೂ ಹೊಡೆದುರುಳಿಸಬಹುದು. ಅದರಲ್ಲಿ ಅರ್ಧ ತುಂಬಿಟ್ಟ ಪರೀಕ್ಷೆಯ ಅರ್ಜಿ ಇದ್ದರೆ ಅದರ ಗತಿಯೂ ಅಷ್ಟೇ.

ಲಿನಕ್ಸಿನಲ್ಲಿ ಇದಕ್ಕೂ ಚಿಕ್ಕದಾದ ಆಜ್ಞೆಯಿದೆ: ಎಸ್‌ಎಸ್, ತೆರಪು, ಅಡ್ಡಗೆರೆ, ಎಲ್‌ಟಿಎನ್‌ಪಿ. ಕಾದು ನಿಂತಿರುವ ಎಲ್ಲ ಬಾಗಿಲುಗಳನ್ನೂ ಅದು ತೋರಿಸುತ್ತದೆ. ಬೇರೆ ಬಳಕೆದಾರನ ಪ್ರೋಗ್ರಾಮಾದರೆ ಬಾಗಿಲು ಕಾಣುವುದು, ಹೆಸರು ಕಾಣದು. ಆಗ ಆಜ್ಞೆಯ ಮುಂದೆ ಸುಡೊ ಎಂದು ಸೇರಿಸಿ ಮೇಲಧಿಕಾರಿಯ ಹಕ್ಕಿನಿಂದ ಕೇಳಬೇಕು. ವಿಂಡೋಸ್ ಯಂತ್ರವಿದ್ದವರು ನೆಟ್‌ಸ್ಟಾಟ್, ತೆರಪು, ಅಡ್ಡಗೆರೆ, ಎಎನ್‌ಒ ಎಂದು ಬರೆದು, 3000 ಮತ್ತು ಲಿಸನಿಂಗ್ ಎಂದಿರುವ ಸಾಲನ್ನು ಹುಡುಕಬೇಕು. ಆ ಸಾಲಿನ ಕೊನೆಯಲ್ಲಿರುವ ಸಂಖ್ಯೆಯೇ ಬೇಕಾದುದು.

ಈ ಸಂಖ್ಯೆಗೆ ಪಿಐಡಿ ಎಂದು ಹೆಸರು. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಯಂತ್ರವು ಕೊಡುವ ಬಿಲ್ಲೆಯ ಸಂಖ್ಯೆಯೆಂದು ತಿಳಿಯಬಹುದು. ಬಾಗಿಲಿನಿಂದ ಬಿಲ್ಲೆಗೆ, ಬಿಲ್ಲೆಯಿಂದ ಮನೆಗೆ: ಇದೇ ವಿಚಾರಣೆಯ ದಾರಿ.

ಮನೆ ಯಾವುದು?

ಹೆಸರು ತಿಳಿದೊಡನೆ ವಿಚಾರಣೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ನನ್ನ ಅಳಿಯನು ಆ ರಾತ್ರಿ ಪಟ್ಟಿಯನ್ನು ನೋಡಿದ್ದರೂ ಅದರಲ್ಲಿ ನೋಡ್ ಎಂಬ ಹೆಸರೊಂದೇ ಕಾಣುತ್ತಿದ್ದಿತು. ಖಾತೆಯ ಪ್ರೋಗ್ರಾಮೂ ನೋಡ್, ನಿನ್ನೆಯ ಅಭ್ಯಾಸವೂ ನೋಡ್. ಹೋಟೆಲಿನಲ್ಲಿ ನಿಂತು "ಮಾಣಿ!" ಎಂದು ಕೂಗಿದರೆ ನಾಲ್ವರು ತಿರುಗಿ ನೋಡುವಂತೆ.

ಆದುದರಿಂದ ಕೇಳಬೇಕಾದ ನಿಜವಾದ ಪ್ರಶ್ನೆ, ಅದು ಯಾವ ಮನೆಯಿಂದ ಹೊರಟಿತು ಎಂಬುದು. ಪ್ರತಿಯೊಂದು ಪ್ರೋಗ್ರಾಮೂ ತಾನು ಯಾವ ಕಡತಕೋಶದಲ್ಲಿ ನಿಂತು ಕೆಲಸ ಮಾಡುತ್ತಿದೆಯೆಂಬುದನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಲಿನಕ್ಸಿನಲ್ಲಿ ಪಿಡಬ್ಲ್ಯುಡಿಎಕ್ಸ್ ಎಂದು ಬರೆದು ಮುಂದೆ ಬಿಲ್ಲೆಯ ಸಂಖ್ಯೆಯನ್ನಿತ್ತರೆ ಅದರ ಪೂರ್ತಿ ವಿಳಾಸ ಬರುವುದು. ಮ್ಯಾಕಿನಲ್ಲಿ ಎಲ್‌ಎಸ್‌ಒಎಫ್ ಎಂಬುದರ ಮುಂದೆ ಅಡ್ಡಗೆರೆ ಎ, ಅಡ್ಡಗೆರೆ ಪಿ ಮತ್ತು ಬಿಲ್ಲೆಯ ಸಂಖ್ಯೆ, ಅಡ್ಡಗೆರೆ ಡಿ ಮತ್ತು ಸಿಡಬ್ಲ್ಯುಡಿ ಎಂದು ತೆರಪು ಬಿಟ್ಟು ಬಿಟ್ಟು ಬರೆಯಬೇಕು. ಎ ಅಕ್ಷರವನ್ನು ಮರೆತರೆ ಎಲ್ಲ ಪ್ರೋಗ್ರಾಮುಗಳ ಮನೆಗಳೂ ಒಟ್ಟಿಗೆ ಸುರಿದು ಕಣ್ಣು ಕತ್ತಲಿಡುತ್ತದೆ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟಕ್ಕೆ ಕಮಾಂಡ್ ಲೈನ್ ಎಂಬ ಅಂಕಣವನ್ನು ಸೇರಿಸಿಕೊಂಡರೆ, ಯಾವ ಆಜ್ಞೆಯಿಂದ ಅದು ಹುಟ್ಟಿತೆಂದು ತಿಳಿಯುವುದು. ಎಷ್ಟೋ ಸಲ ಮನೆಯ ಗುರುತೂ ಅಲ್ಲಿಯೇ ಸಿಕ್ಕುವುದು.

ಹುಟ್ಟಿದ ಹೊತ್ತನ್ನು ಕೇಳುವುದೂ ಒಳ್ಳೆಯದು. ಮ್ಯಾಕ್, ಲಿನಕ್ಸ್‌ಗಳಲ್ಲಿ ಪಿಎಸ್ ಎಂಬ ಆಜ್ಞೆಗೆ ಅಡ್ಡಗೆರೆ ಪಿ, ಬಿಲ್ಲೆಯ ಸಂಖ್ಯೆ, ಅಡ್ಡಗೆರೆ ಒ, ಎಲ್‌ಸ್ಟಾರ್ಟ್ ಎಂದು ಸೇರಿಸಿದರೆ ಆರಂಭದ ದಿನಾಂಕ, ಸಮಯಗಳು ದೊರೆಯುತ್ತವೆ. ಅಂದು ಹೀಗೆ ಕೇಳಿದ್ದರೆ "ಭಾನುವಾರ ಬೆಳಿಗ್ಗೆ" ಎಂಬ ಉತ್ತರ ಬರುತ್ತಿದ್ದಿತು. ನಿನ್ನೆಯ ಅಭ್ಯಾಸವು ಇಂದು ಬೆಳಿಗ್ಗೆ ಹುಟ್ಟುವುದೆಂತು? ಆ ಒಂದು ಸಾಲು ಹುಡುಗನ ಕೈಯನ್ನು ತಡೆಯುತ್ತಿದ್ದಿತು. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಹೊರಡಿಸುವ ರೀತಿ

ಯಾರೆಂದು ತಿಳಿದ ಮೇಲೆ, ಹೊರಡಿಸುವುದರಲ್ಲಿಯೂ ಒಂದು ರೀತಿಯಿದೆ. ಮೊದಲು ಅದು ಓಡುತ್ತಿರುವ ಕಿಟಕಿಯನ್ನೇ ಹುಡುಕಿ ಕಂಟ್ರೋಲ್ ಮತ್ತು ಸಿ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಕಿಟಕಿ ಸಿಗದಿದ್ದರೆ ಮ್ಯಾಕ್, ಲಿನಕ್ಸ್‌ಗಳಲ್ಲಿ ಕಿಲ್ ಎಂಬ ಆಜ್ಞೆಗೆ ಬಿಲ್ಲೆಯ ಸಂಖ್ಯೆಯನ್ನಷ್ಟೇ ಕೊಡಬೇಕು. ಹೆಸರು ಕ್ರೂರವಾದರೂ ಬರಿಯ ಕಿಲ್ ಸಭ್ಯವಾದುದು. ಅದು ಕಳುಹಿಸುವುದು 15ನೆಯ ಸಂಕೇತವನ್ನು; "ದಯವಿಟ್ಟು ಕೆಲಸ ಮುಗಿಸಿ ಹೊರಡಿ" ಎಂದು ಅದರ ತಾತ್ಪರ್ಯ. ಪ್ರೋಗ್ರಾಮು ಅದನ್ನು ಕೇಳಿಸಿಕೊಂಡು, ಬರೆಯಬೇಕಾದುದನ್ನು ಬರೆದು, ಮುಚ್ಚಬೇಕಾದುದನ್ನು ಮುಚ್ಚಿ ಹೊರಡಬಹುದು.

ಅಡ್ಡಗೆರೆ 9 ಎಂದು ಸೇರಿಸಿದರೆ ಮಾತು ಬೇರೆ. 9ನೆಯ ಸಂಕೇತವು ಪ್ರೋಗ್ರಾಮಿನ ಕಿವಿಗೇ ಬೀಳುವುದಿಲ್ಲ. ಯಂತ್ರದ ಒಡೆತನ ನಡೆಸುವ ಕರ್ನೆಲ್ ಅದನ್ನು ನೇರವಾಗಿ ಕೊನೆಗಾಣಿಸುತ್ತದೆ. ಒಲೆಯ ಮೇಲೆ ಹಾಲಿಟ್ಟವನನ್ನು ರಟ್ಟೆ ಹಿಡಿದು ಬೀದಿಗೆ ನೂಕಿದಂತೆ. ಸಭ್ಯವಾದ ಮಾತಿಗೆ ಎಷ್ಟು ಹೊತ್ತಾದರೂ ಮಣಿಯದಿದ್ದಾಗ, ಕಳೆದುಕೊಳ್ಳುವುದೇನೂ ಇಲ್ಲವೆಂದು ಖಚಿತವಾದಾಗ ಮಾತ್ರ ಅದನ್ನು ಬಳಸಬೇಕು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ?

ಎಷ್ಟೋ ವೇಳೆ ಹೊರಡಿಸುವ ಅಗತ್ಯವೇ ಇರುವುದಿಲ್ಲ. ಹೊಸ ಪ್ರೋಗ್ರಾಮಿಗೆ 3001ರ ಬಾಗಿಲನ್ನು ಕೊಟ್ಟರೆ ಇಬ್ಬರೂ ಸುಖವಾಗಿರುತ್ತಾರೆ.

ಕಣ್ಣು ತಪ್ಪಿಸುವ ಸಂದರ್ಭಗಳು

ಗುರುಗಳು ಹೇಳಿಕೊಟ್ಟ ಇನ್ನು ಕೆಲವು ಸಂಗತಿಗಳನ್ನೂ ಇಲ್ಲಿ ಕಾಣಿಸುವುದು ಉಚಿತ.

ಮೊದಲನೆಯದು, ನಿಲ್ಲಿಸಿದೆನೆಂಬ ಭ್ರಮೆ. ಮ್ಯಾಕ್, ಲಿನಕ್ಸ್‌ಗಳಲ್ಲಿ ಕಂಟ್ರೋಲ್-ಸಿ ಬದಲು ಕಂಟ್ರೋಲ್-ಝಡ್ ಒತ್ತಿದರೆ ಪ್ರೋಗ್ರಾಮು ಸಾಯುವುದಿಲ್ಲ, ನಿದ್ದೆಹೋಗುತ್ತದೆ. ನಿದ್ದೆಯಲ್ಲಿಯೂ ಬಾಗಿಲನ್ನು ಬಿಡುವುದಿಲ್ಲ. ಅದೇ ಕಿಟಕಿಯಲ್ಲಿ ಜಾಬ್ಸ್ ಎಂದು ಬರೆದರೆ ಅಂಥವರ ಪಟ್ಟಿ ಬರುವುದು. ಎಫ್‌ಜಿ ಎಂದು ಬರೆದು ಎಬ್ಬಿಸಿ, ಬಳಿಕ ಕಂಟ್ರೋಲ್-ಸಿ ಒತ್ತಬೇಕು.

ಎರಡನೆಯದು, ಮಡಿದರೂ ಮತ್ತೆ ಹುಟ್ಟುವವರು. ಬರವಣಿಗೆ ಬದಲಾದಾಗಲೆಲ್ಲ ಸರ್ವರನ್ನು ಹೊಸದಾಗಿ ಎಬ್ಬಿಸಲು ಹಿಂದೆ ಒಬ್ಬ ಮೇಲ್ವಿಚಾರಕನನ್ನು ಇಟ್ಟಿರುವ ಪದ್ಧತಿಯುಂಟು. ಮಗುವನ್ನು ಕಳುಹಿಸಿದರೆ ಮೇಲ್ವಿಚಾರಕನು ಇನ್ನೊಂದನ್ನು ತಂದು ನಿಲ್ಲಿಸಬಹುದು. ಆಗ ತಾಯಿಬಿಲ್ಲೆಯಾದ ಪಿಪಿಐಡಿ ಸಂಖ್ಯೆಯನ್ನು ವಿಚಾರಿಸಬೇಕು. ಡಾಕರ್ ಎಂಬ ಪೆಟ್ಟಿಗೆಯೊಳಗೆ ಸರ್ವರನ್ನು ನಡೆಸುವವರಿಗೆ ಬಾಗಿಲಿನಲ್ಲಿ ಡಾಕರಿನ ಹೆಸರೇ ಕಾಣುವುದು. ಡಾಕರ್ ಪಿಎಸ್ ಎಂದು ಕೇಳಿದರೆ ಯಾವ ಪೆಟ್ಟಿಗೆಗೆ ಯಾವ ಬಾಗಿಲೆಂದು ತಿಳಿಯುತ್ತದೆ.

ಮೂರನೆಯದು, ನಾವು ಕರೆಯದ ಅತಿಥಿ. 2021ರಲ್ಲಿ ಆಪಲ್ ಕಂಪೆನಿಯು ಮಾಂಟೆರೇ ಎಂಬ ಹೊಸ ವ್ಯವಸ್ಥೆಯನ್ನು ಹೊರತಂದಾಗ, ಏರ್‌ಪ್ಲೇ ಎಂಬ ಸೇವೆಯು 5000 ಮತ್ತು 7000ದ ಬಾಗಿಲುಗಳಲ್ಲಿ ಬಂದು ಕುಳಿತಿತು. 5000ವನ್ನೇ ನೆಚ್ಚಿಕೊಂಡಿದ್ದ ಫ್ಲಾಸ್ಕ್ ವಿದ್ಯಾರ್ಥಿಗಳು ದಿಗಿಲುಬಿದ್ದರು. ಪಟ್ಟಿಯಲ್ಲಿ ಕಂಟ್ರೋಲ್ ಸೆಂಟರ್ ಎಂಬುದರ ತುಂಡು ಹೆಸರು ಕಾಣುವುದರಿಂದ ಗುರುತು ಸಿಗುವುದೂ ಕಷ್ಟ. ಇದನ್ನು ಕೊಲ್ಲುವುದು ವ್ಯರ್ಥ. ಯಂತ್ರವೇ ಮತ್ತೆ ಎಬ್ಬಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಏರ್‌ಪ್ಲೇ ರಿಸೀವರ್ ಎಂಬುದನ್ನು ಆರಿಸಬೇಕು, ಇಲ್ಲವೇ ನಾವು ಬೇರೆ ಬಾಗಿಲಿಗೆ ಹೋಗಬೇಕು.

ನಾಲ್ಕನೆಯದು, ದೂರೇ ಇಲ್ಲದ ತೊಡಕು. ವೀಟ್ ಎಂಬ ಸಾಧನವು 2022ರಿಂದ 5173ರ ಬಾಗಿಲನ್ನು ರೂಢಿ ಮಾಡಿಕೊಂಡಿದೆ. ಅಲ್ಲಿ ಯಾರಾದರೂ ಇದ್ದರೆ ಅದು ಜಗಳವಾಡದೆ 5174ಕ್ಕೆ ಹೋಗುತ್ತದೆ. ಸೌಜನ್ಯವೇನೋ ಸರಿಯೆ. ಆದರೆ ಪರದೆಯ ಮೇಲಿನ ಆ ಒಂದು ಸಾಲನ್ನು ಓದದವನು ಹಳೆಯ ಬಾಗಿಲಿನ ಹಳೆಯ ಪುಟವನ್ನೇ ನೋಡುತ್ತ, ತಾನು ಮಾಡಿದ ತಿದ್ದುಪಡಿ ಏಕೆ ಕಾಣದೆಂದು ಗಂಟೆಗಟ್ಟಲೆ ತಲೆ ಚಚ್ಚಿಕೊಳ್ಳುತ್ತಾನೆ. ಪುಟವು ಬಂದಿತೆಂಬ ಮಾತ್ರಕ್ಕೆ ನಮ್ಮ ಪುಟವೇ ಬಂದಿತೆಂದು ತಿಳಿಯಬಾರದು.

ಸೋಮವಾರ

ಇನ್ನು ಆ ರಾತ್ರಿಯ ಮಾತಿಗೆ ಬರುತ್ತೇನೆ. ಅಳುತ್ತ ಕುಳಿತರೆ ಆಗದೆಂದು ನಾನು ಕೆಂಪು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದೆನು. ಹುಡುಗನು ಬೆರಳಚ್ಚು ಮಾಡುತ್ತ ಹೋದನು. ನನ್ನ ಹೆಂಡತಿ ಎರಡು ಸಲ ಕಾಫಿ ಮಾಡಿಕೊಟ್ಟಳು. ಮುಗಿಯುವಾಗ ಮೂರೂವರೆ ಗಂಟೆ. ಅವನು ಸ್ನಾನ ಮಾಡಿ ಬೆಳಗಿನ ಲೋಕಲ್ ಹಿಡಿದು ಗಲ್ಲೆಗೆ ಹೋದನು.

ಒಂದು ಸಂಗತಿಯನ್ನು ಹೇಳದೆ ಇರಲಾರೆ. ಗಟ್ಟಿಯಾಗಿ ಓದುವಾಗ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದ 450 ರೂಪಾಯಿಯ ಜಮೆ ನನ್ನ ಕಣ್ಣಿಗೆ ಬಿದ್ದಿತು. ಹಗಲು ಒಬ್ಬನೇ ಕುಳಿತು ಬರೆದಾಗ ಹುಡುಗನು ಅದನ್ನು ಕಂಡಿರಲಿಲ್ಲ. ಕಾಣದೆ ಹೋಗಿದ್ದರೆ, ಹಣ ಕೊಟ್ಟು ಮುಗಿಸಿದ ಒಬ್ಬ ದರ್ಜಿಯ ಹೆಸರಿನಲ್ಲಿ ಬಾಕಿ ನಿಲ್ಲುತ್ತಿದ್ದಿತು. ಗಲ್ಲೆಯ ಮುಂದೆ ನಾಲ್ವರೆದುರು ಅವನಿಗೆ ಅವಮಾನವಾಗುತ್ತಿದ್ದಿತು. ಯಂತ್ರದಲ್ಲಿ ಮಾಡಿದ ತಪ್ಪನ್ನೇ ಪುಸ್ತಕದಲ್ಲಿಯೂ ಮಾಡಲು ನಾವು ಹೊರಟಿದ್ದೆವು: ಪೂರ್ತಿ ವಿಚಾರಿಸದೆ ಒಬ್ಬನ ಮೇಲೆ ಹೊರೆಸುವುದು.

ಹುಡುಗನು ಧಣಿಗಳಿಗೆ ನಡೆದುದನ್ನೆಲ್ಲ ಮುಚ್ಚದೆ ಹೇಳಿದನು. ಅವರು ಲೆಕ್ಕವನ್ನು ಪುಸ್ತಕದೊಡನೆ ತಾಳೆ ನೋಡಿ, "ಮೂರು ತಿಂಗಳು ಪುಸ್ತಕವೂ ನಡೆಯಲಿ, ನಿನ್ನ ಯಂತ್ರವೂ ನಡೆಯಲಿ. ಆಮೇಲೆ ಮೇಜಿನ ಮಾತು" ಎಂದರು. ನ್ಯಾಯವಾದ ಮಾತೆಂದೇ ನನಗೆ ತೋರಿತು.

ಅಂದಿನಿಂದ ಅವನು ಎರಡು ನಿಯಮಗಳನ್ನು ಇಟ್ಟುಕೊಂಡಿದ್ದಾನೆ. ಪ್ರತಿಯೊಂದು ನಮೂದನ್ನೂ ಆದಾಗಲೇ ಕಡತಕ್ಕೆ ಬರೆಯುವಂತೆ ಖಾತೆಯ ಪ್ರೋಗ್ರಾಮನ್ನು ತಿದ್ದಿದನು. ಕಿರ್ದಿಯನ್ನು ಸಂಜೆಗೆ ಬರೆದೇನೆಂದು ಬಾಯಲ್ಲಿ ಹೊತ್ತುಕೊಂಡು ತಿರುಗುವ ಗುಮಾಸ್ತನನ್ನು ಯಾರು ನಂಬಿಯಾರು? ಎರಡನೆಯದಾಗಿ, ಒಂದು ನೋಟುಪುಸ್ತಕದಲ್ಲಿ ತನ್ನ ಪ್ರತಿಯೊಂದು ಪ್ರೋಗ್ರಾಮಿಗೂ ಒಂದೊಂದು ಬಾಗಿಲನ್ನು ಗೊತ್ತುಮಾಡಿ ಬರೆದಿದ್ದಾನೆ: ಖಾತೆಗೆ 3100, ತರಗತಿಯ ಅಭ್ಯಾಸಕ್ಕೆ 3200, ಹೀಗೆ. ಪೋಸ್ಟೆಲ್ ಅವರ ಮಹಾ ದಫ್ತರದ ಒಂದು ಕಿರಿಯ ಮರಿ ಡೊಂಬಿವಲಿಯ ನಮ್ಮ ಮನೆಯ ಗೂಡಿನಲ್ಲಿದೆ ಎನ್ನಲು ಅಡ್ಡಿಯಿಲ್ಲ.

ತರುಣ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಬಾಗಿಲು ತುಂಬಿದೆಯೆಂಬ ದೂರು ಬಂದಾಗ ಸಿಡಿಮಿಡಿಗೊಳ್ಳಬೇಡಿ. ಇನ್ನೊಬ್ಬರು ಕಳುಹಿಸಿದ ಆಜ್ಞೆಯನ್ನು ಅರ್ಥ ತಿಳಿಯದೆ ಒತ್ತಬೇಡಿ. ಬಿಲ್ಲೆಯ ಸಂಖ್ಯೆ, ಹೆಸರು, ಮನೆ, ಹುಟ್ಟಿದ ಹೊತ್ತು, ಈ ನಾಲ್ಕನ್ನೂ ಕೇಳಿಕೊಂಡು ಆಮೇಲೆ ಕೈಯೆತ್ತಿ. ಎರಡು ನಿಮಿಷದ ಆ ತಾಳ್ಮೆಯು ನಿಮ್ಮ ಒಂದು ದಿನದ ದುಡಿಮೆಯನ್ನು ಕಾಪಾಡೀತು.